ದೂಷಿಸುವದಕ್ಕೆ ಮೊದಲು ವಿಚಾರಿಸೋಣ

ಸಂಶೋಧನೆಯೆಂಬದು ವಿಶ್ವವಿದ್ಯಾನಿಲಯದ ಪಂಡಿತರ ಕಾರ್ಯವೆಂದೂ ಪಾಠಶಾಲೆಯನ್ನು ನಡಿಸುವವರಿಗೆ ಅನುಭವವೊಂದಿದ್ದರೆ ಸಾಕೆಂದೂ ಅನೇಕರು ತಿಳಿದಿರುವರು. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಅದು ತಪ್ಪೆಂದು ನಮ್ಮ ಹಾಜರಿ ಪುಸ್ತಕವೇ ನಮಗೆ ಕಲಿಸಿತು.

ಬೆಳಗಿನ ಪ್ರಾರ್ಥನೆಗೆ ತಡವಾಗಿ ಬರುವ ಬಾಲಿಕೆಯರನ್ನು ನಾವು ಸೋಮಾರಿಗಳೆಂದು ಗದರಿಸಿ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆವು. ಅವರಲ್ಲೊಬ್ಬಳು ಶಾಲೆಗೆ ಬರುವದನ್ನೇ ಬಿಟ್ಟಾಗ ನಮ್ಮ ಮನಸ್ಸಾಕ್ಷಿ ಚುಚ್ಚಿತು. ಹಾಜರಿ ಪುಸ್ತಕವನ್ನು ತೆರೆದು, ತಡವಾಗಿ ಬಂದವರ ಹೆಸರುಗಳ ಮುಂದೆ ಅವರವರ ಊರನ್ನೂ ದಾರಿಯನ್ನೂ ಬರೆದು ನೋಡಿದೆವು. ಬಹುಮಂದಿ ಒಂದೇ ದಾರಿಯವರು. ಅವರ ಬಸ್ಸು ಬಂದು ತಲಪುತ್ತಿದ್ದದ್ದೇ ಗಂಟೆ ಬಾರಿಸಿದ ಮೇಲೆ! ತಪ್ಪು ನಮ್ಮ ವೇಳಾಪಟ್ಟಿಯದು, ಶಿಕ್ಷೆ ಮಾತ್ರ ಮಕ್ಕಳದು. ಮರುವಾರದಿಂದ ಪ್ರಾರ್ಥನೆಯನ್ನು ಕಾಲು ಗಂಟೆ ತಡವಾಗಿ ಆರಂಭಿಸಿದೆವು. ಆ ಬಾಲಿಕೆಯ ಮನೆಗೂ ಹೋಗಿ ಕರೆದೆವು. ಅವಳು ಮರಳಲಿಲ್ಲ.

ದಾರಿಯ ದೂರವು ಹೆಣ್ಣುಮಕ್ಕಳ ವಿದ್ಯೆಗೆ ಎಂಥ ಅಡ್ಡಿಯೆಂಬದಕ್ಕೆ ಬಿಹಾರವು ಒಳ್ಳೆಯ ನಿದರ್ಶನ. ಅಲ್ಲಿಯ ಸರಕಾರವು 2006ರಲ್ಲಿ, ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲು ಕೊಳ್ಳಲು ಹಣ ಕೊಡುವ ಯೋಜನೆಯನ್ನು ಆರಂಭಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬವರು ಆ ಹುಡುಗಿಯರನ್ನು ಅಲ್ಲಿಯ ಹುಡುಗರೊಡನೆಯೂ ನೆರೆಯ ಝಾರ್ಖಂಡದ ಮಕ್ಕಳೊಡನೆಯೂ ಹೋಲಿಸಿ ನೋಡಿದರು. ಈ ಯೋಜನೆಯಿಂದ ಹುಡುಗಿಯರ ಪ್ರೌಢಶಾಲಾ ದಾಖಲಾತಿಯು ನೂರಕ್ಕೆ 32ರಷ್ಟು ಏರಿತೆಂದು 2017ರಲ್ಲಿ ಪ್ರಕಟವಾದ ಅವರ ಲೇಖನವು ಹೇಳುತ್ತದೆ. ಶಾಲೆಯು 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಈ ಫಲವು ಹೆಚ್ಚಾಗಿ ಕಂಡುಬಂದಿತು. ಹೆಣ್ಣುಮಕ್ಕಳನ್ನು ಓದಿಸಲು ಹೆತ್ತವರಿಗೇ ಮನಸ್ಸಿಲ್ಲವೆಂದು ಸುಲಭವಾಗಿ ದೂರುವವರು ಇದನ್ನು ಗಮನಿಸತಕ್ಕದ್ದು.

ಅನುಭವವು ಬೇಡವೆಂದು ನಾವು ಹೇಳುವದಿಲ್ಲ. ಆದರೆ ವಿಚಾರಿಸದ ಅನುಭವವು ಬೇಗನೆ ಪೂರ್ವಗ್ರಹವಾಗುವದು. ಕಾರಣವನ್ನು ತಿಳಿಯುವದಕ್ಕೆ ಯಂತ್ರಗಳಾಗಲಿ ಬಿರುದುಗಳಾಗಲಿ ಬೇಕಾಗಿಲ್ಲ. ಲೆಕ್ಕವಿಡುವ ತಾಳ್ಮೆಯೂ, ಉತ್ತರವು ನಮ್ಮ ವಿರುದ್ಧವಾಗಿ ಬಂದರೆ ಒಪ್ಪಿಕೊಳ್ಳುವ ದೀನತೆಯೂ ಬೇಕು.

ಆದಕಾರಣ ಹೆತ್ತವರಲ್ಲಿ ನಮ್ಮ ಬಿನ್ನಹವೇನೆಂದರೆ, ಮಗಳು ಶಾಲೆಗೆ ಬಾರದ ಕಾರಣವನ್ನು ಕೇಳಿದಾಗ, ಜ್ವರವೆಂದು ಬರೆದು ಕಳುಹಿಸದೆ, ಇದ್ದ ಸಂಗತಿಯನ್ನೇ ತಿಳಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನಡುವೆಯೇ ಓದು ಬಿಟ್ಟ ನಿಮ್ಮ ಗೆಳತಿಯರು ಏಕೆ ಬಿಟ್ಟರೆಂಬದನ್ನು ನಮಗೆ ಬರೆಯಿರಿ; ನಮ್ಮ ತಪ್ಪಿದ್ದರೂ ಮರೆಮಾಡಬೇಡಿರಿ. ನೂರು ಕುರಿಗಳಲ್ಲಿ ಒಂದು ಕಳೆದುಹೋಯಿತೆಂದು ಆ ಕುರುಬನಿಗೆ ತಿಳಿದದ್ದು ಅವನು ಎಣಿಸಿದ್ದರಿಂದಲೇ ಅಲ್ಲವೇ?