ಮೊದಲ ಚಿಟಿಕೆ ಸಕ್ಕರೆ

ಸಂತೋಷವನ್ನು ಹಂಚಿಕೊಳ್ಳುವುದು ಬಹು ಸುಲಭವೆಂದು ಅನೇಕರು ತಿಳಿದಿರುತ್ತಾರೆ. ದುಃಖವನ್ನು ತೋಡಿಕೊಳ್ಳಲು ಆಪ್ತರು ಬೇಕು. ಸಂತೋಷಕ್ಕೇನು, ಎದುರಿಗೆ ಸಿಕ್ಕವರ ಕೈಗೆ ಒಂದು ಚಿಟಿಕೆ ಸಕ್ಕರೆ ಹಾಕಿದರಾಯಿತು ಎಂಬುದು ಅವರ ಎಣಿಕೆ. ನನ್ನ ಅನುಭವ ಬೇರೆ. ನೆರೆಮನೆಯ ಕಷ್ಟಕ್ಕೆ ಕರೆಯದೆ ಓಡಿಹೋಗಿ ನಿಲ್ಲುವ ಎಷ್ಟೋ ಮಂದಿ, ತಮ್ಮ ಮನೆಯ ಶುಭವನ್ನು ಅದೇ ನೆರೆಮನೆಗೆ ಮುಟ್ಟಿಸುವಾಗ ಹೊಸ್ತಿಲಲ್ಲಿ ನಿಂತು ತಡವರಿಸುವುದನ್ನು ಕಂಡಿದ್ದೇನೆ. ಹೇಳಿದರೆ ಜಂಭವೆಂದಾರು, ಹೇಳದಿದ್ದರೆ ಮುಚ್ಚಿಟ್ಟರೆಂದಾರು. ನಡುವೆ ದೃಷ್ಟಿ ತಾಕೀತೆಂಬ ಅಳುಕು ಬೇರೆ. ಈ ವಾರ ವಾಚಕರೊಡನೆ ಈ ವಿಷಯವಾಗಿಯೇ ನಾಲ್ಕು ಮಾತು ಆಡೋಣವೆಂದಿದ್ದೇನೆ.

ನಾನು ಹುಡುಗನಾಗಿದ್ದಾಗ ನಮ್ಮ ಮನೆ ಗುಂಡ್ಲುಪೇಟೆಯಲ್ಲಿತ್ತು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಆಗ ವೃತ್ತಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಅದರಲ್ಲಿ ಹೆಸರುಗಳಿರುತ್ತಿರಲಿಲ್ಲ; ಬರಿಯ ನಂಬರುಗಳ ಸಾಲು, ಇರುವೆಯ ಸಾಲಿನಂತೆ. ಮೈಸೂರಿನ ಬಸ್ಸಿನಿಂದ ಪತ್ರಿಕೆಯ ಕಟ್ಟು ಇಳಿಯುವವರೆಗೆ ನಮಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಆ ವರ್ಷ ನನ್ನ ನಂಬರು ಸಿಕ್ಕಿತು. ಎದುರು ಮನೆಯ ಗೆಳೆಯನ ನಂಬರು ಸಿಗಲಿಲ್ಲ. ಎರಡು ಸಲ ಹುಡುಕಿದೆವು. ಮೂರನೆಯ ಸಲ ಹುಡುಕಲು ಅವನೇ ಒಪ್ಪಲಿಲ್ಲ. ಒಂದೇ ಲಾಂದ್ರದ ಬೆಳಕಿನಲ್ಲಿ ವರ್ಷವಿಡೀ ಓದಿದವರು ನಾವು. ಬಸ್ ನಿಲ್ದಾಣದಿಂದ ಮನೆಯವರೆಗೆ ಅಕ್ಕಪಕ್ಕದಲ್ಲಿಯೇ ನಡೆದರೂ ಒಂದು ಮಾತೂ ಆಡಲಿಲ್ಲ.

ನಮ್ಮ ಅಜ್ಜಿ ಹಿತ್ತಾಳೆಯ ತಟ್ಟೆಯ ತುಂಬ ಸಕ್ಕರೆ ಹಾಕಿ ನನ್ನ ಕೈಗೆ ಕೊಟ್ಟು, “ಬೀದಿಯ ಎಲ್ಲ ಮನೆಗೂ ಕೊಟ್ಟು ಬಾ. ಎದುರು ಮನೆಗೆ ಮಾತ್ರ ಇವತ್ತು ಬೇಡ. ಪಾಪ, ನೊಂದುಕೊಂಡಾರು” ಎಂದರು. ಅಜ್ಜಿಯ ಉದ್ದೇಶ ಒಳ್ಳೆಯದೇ ಆಗಿತ್ತು. ನಾನು ಹಾಗೆಯೇ ಮಾಡಿದೆ. ಎದುರು ಮನೆಯ ಮುಂದೆ ಹಾದುಹೋಗುವಾಗ ತಟ್ಟೆಯನ್ನು ಮತ್ತೊಂದು ಮಗ್ಗುಲಿಗೆ ಹಿಡಿದದ್ದು ಇಂದಿಗೂ ನೆನಪಿದೆ.

ದೀಪ ಹಚ್ಚುವ ಹೊತ್ತಿಗೆ ಗೆಳೆಯನ ತಾಯಿ ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂರಲಿಲ್ಲ, ನಿಂತುಕೊಂಡೇ, “ದೊಡ್ಡಮ್ಮ, ನಮ್ಮ ಮನೆ ಏನು ತಪ್ಪು ಮಾಡಿತು? ಬೀದಿಗೆಲ್ಲ ಸಕ್ಕರೆ ಬಂತಂತೆ. ನನ್ನ ಮಗ ಫೇಲಾದದ್ದು ನಮಗೆ ಒಂದು ನೋವು. ನಿಮ್ಮ ಮೊಮ್ಮಗ ಪಾಸಾದ ಸಂತೋಷದಿಂದ ನಮ್ಮನ್ನು ಹೊರಗಿಟ್ಟಿರಲ್ಲ, ಅದು ಎರಡನೆಯದು” ಎಂದರು. ಯಾವ ಮಾತಿಗೂ ಪ್ರತ್ಯುತ್ತರವಿಲ್ಲದೆ ಬಿಟ್ಟವರಲ್ಲದ ನಮ್ಮ ಅಜ್ಜಿ ಅಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಸುಮ್ಮನೆ ನಿಂತುಬಿಟ್ಟರು. ಆಮೇಲೆ ಒಳಗೆ ಹೋಗಿ, ಉಳಿದಿದ್ದ ಸಕ್ಕರೆಯನ್ನೆಲ್ಲ ತಟ್ಟೆಗೆ ಸುರಿದು, ನನ್ನ ಕೈ ಹಿಡಿದುಕೊಂಡು ಬೀದಿ ದಾಟಿದರು.

ಗೆಳೆಯ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ. ಅಜ್ಜಿ ಹತ್ತಿರ ಕುಳಿತು ಬೆನ್ನು ಸವರಿದರು. ಬಹಳ ಹೊತ್ತಿನ ಮೇಲೆ ಎದ್ದು, ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು, ನನ್ನನ್ನು ನೋಡದೆಯೇ, “ನಿನ್ನ ಭೂಗೋಳದ ಪುಸ್ತಕ ಯಾರಿಗೂ ಕೊಡಬೇಡ ಕಣೋ. ಸೆಪ್ಟೆಂಬರಿಗೆ ನನಗೆ ಬೇಕು” ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮವಾಯಿತು. ಶುಭವಾದಾಗ ಮೊದಲ ಚಿಟಿಕೆ ಸಕ್ಕರೆ ನೋವಿರುವ ಮನೆಗೆ ಹೋಗಬೇಕು. ಒಯ್ದವರು ತಟ್ಟೆ ಇಟ್ಟು ಓಡಿಬರದೆ ಒಂದು ಗಳಿಗೆ ಕುಳಿತು ಬರಬೇಕು.

ಈ ಸಂಗತಿ ಈಗ ನೆನಪಾದುದಕ್ಕೆ ಕಾರಣ ಚಾಮರಾಜನಗರದ ತೇರು. ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮಾರ್ಗವಾಗಿ ಹೋದರೆ ಸಿಗುವ ಈ ಊರಿನ ಹೆಸರೇ ಒಂದು ಶುಭವಾರ್ತೆ ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೋ ತಿಳಿಯದು. ಊರಿನ ಹಿಂದಿನ ಹೆಸರು ಅರಿಕುಠಾರ. ಮೈಸೂರಿನ ಚಾಮರಾಜ ಒಡೆಯರು 1774ರಲ್ಲಿ ಜನಿಸಿದ್ದು ಇಲ್ಲಿ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆ ಹುಟ್ಟಿದ ಊರಿಗೆ ತಂದೆಯ ಹೆಸರನ್ನೇ ಇಟ್ಟರು. 1826ರಲ್ಲಿ ದೇವಾಲಯವನ್ನು ಕಟ್ಟಿಸಿ, ಸ್ವಾಮಿಯನ್ನು ತಂದೆಯ ಹೆಸರಿನಿಂದ ಚಾಮರಾಜೇಶ್ವರನೆಂದೂ, ದೇವಿಯನ್ನು ತಾಯಿಯ ಹೆಸರಿನಿಂದ ಕೆಂಪನಂಜಾಂಬೆಯೆಂದೂ ಕರೆದರು. ತಂದೆ ಜನಿಸಿದ ಸ್ಥಳದಲ್ಲಿ ಜನನ ಮಂಟಪವೂ ಇದೆ. ಇದರಲ್ಲಿ ನನ್ನ ಮನಸ್ಸನ್ನು ಕಲಕುವ ಅಂಶ ಒಂದುಂಟು. ಮುಮ್ಮಡಿಯವರು ಹುಟ್ಟಿದ್ದು 1794ರಲ್ಲಿ. ತಂದೆ ತೀರಿಕೊಂಡದ್ದು 1796ರಲ್ಲಿ. ತಂದೆಯ ಮುಖ ಮಗನಿಗೆ ನೆನಪಿರಲು ಸಾಧ್ಯವಿಲ್ಲ. ಆದರೂ ಆತ ಎತ್ತಿಹಿಡಿದದ್ದು ತಂದೆ ಹುಟ್ಟಿದ ಸಂತೋಷವನ್ನು. ತನಗೆ ದಕ್ಕದೆ ಹೋದುದನ್ನು ಒಂದು ಊರಿಗೇ ಹಂಚಿಬಿಟ್ಟರು ಎನ್ನಬೇಕು.

ಆ ದೇವಾಲಯದ ತೇರು ನಡೆಯುವುದು ಆಷಾಢ ಮಾಸದಲ್ಲಿ. ನಮ್ಮ ಕಡೆ ಆಷಾಢವೆಂದರೆ ಮದುವೆ ಮುಂಜಿಗಳಿಲ್ಲದ ತಿಂಗಳು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಹೊಸ ಮದುಮಗಳನ್ನು ತವರಿಗೆ ಕಳುಹಿಸುತ್ತಾರೆ. ಮದುಮಗ ಕ್ಯಾಲೆಂಡರಿನ ಹಾಳೆಯನ್ನು ನೋಡುತ್ತ ಕೂರುತ್ತಾನೆ. ಅಂಥ ತಿಂಗಳಲ್ಲಿ ಈ ತೇರಿನ ದಿನ ಮಾತ್ರ ಹೊಸ ದಂಪತಿಗಳು ಒಟ್ಟಿಗೆ ಬರಬಹುದು. ಬಾಳೆಹಣ್ಣಿಗೆ ಜವನ ಸಿಕ್ಕಿಸಿ, ಇಬ್ಬರೂ ತೇರಿನತ್ತ ಎಸೆದು ಕೈಮುಗಿಯುತ್ತಾರೆ. ಸುತ್ತ ಸಾವಿರಾರು ಜನ. “ನಮಗೆ ಮದುವೆಯಾಯಿತು” ಎಂಬ ಸುದ್ದಿಯನ್ನು ಒಂದು ಇಡೀ ಸೀಮೆಗೆ ಒಂದೇ ಸಲ ಹೇಳಿಕೊಳ್ಳುವ ಬಗೆ ಇದು. ಹಗ್ಗ ಹಿಡಿದವರಲ್ಲಿ ಮದುವೆಯಾಗದವರುಂಟು, ಸಂಗಾತಿಯನ್ನು ಕಳೆದುಕೊಂಡವರುಂಟು, ಆ ವರ್ಷ ಬೆಳೆ ಕೈಕೊಟ್ಟವರುಂಟು. ಅವರು ಎಳೆದರೆ ತಾನೆ ತೇರು ಮುಂದೆ ಸಾಗುವುದು!

2017ರಲ್ಲಿ ಆ ತೇರು ಬೆಂಕಿಗೆ ಸಿಕ್ಕಿ ಹಾಳಾಯಿತು. ಹೊಸ ತೇರು ಸಿದ್ಧವಾಗಿ ಮತ್ತೆ ಬೀದಿಗಿಳಿದದ್ದು 2022ರ ಜುಲೈ ತಿಂಗಳಲ್ಲಿ. ನಡುವೆ ಐದು ಆಷಾಢಗಳು ಬರಿದಾಗಿ ಹೋದವು. ನನ್ನ ತಂಗಿಯ ಮಗಳ ಮದುವೆಯಾದದ್ದು ಆ ಬರಿದಾದ ವರ್ಷಗಳಲ್ಲೊಂದರಲ್ಲಿ. “ಮಾವ, ನಮ್ಮದು ತೇರು ಕಾಣದ ಮದುವೆ” ಎಂದು ನಗುತ್ತಲೇ ಹೇಳುತ್ತಿದ್ದಳು. ನಗುವಿನ ಕೆಳಗೆ ಕೊರಗು ಇತ್ತೆಂಬುದು ನಮಗೆ ತಿಳಿದಿತ್ತು. 2022ರಲ್ಲಿ ಗಂಡನೊಡನೆ, ಮೂರು ವರ್ಷದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ತೇರಿಗೆ ಬಂದಳು. ಬಂದವಳು ಜನರ ಹಿಂದೆ ನಿಂತುಬಿಟ್ಟಳು. ಸುತ್ತಲೂ ಹೊಸ ಸೀರೆ, ಹೊಸ ಪಂಚೆ. ತಾನು ಮಗುವಿನ ತಾಯಿ, ಈಗ ಹಣ್ಣು ಜವನ ಎಸೆದರೆ ನಕ್ಕಾರೆಂಬ ನಾಚಿಕೆ.

ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಮುದುಕಿಯೊಬ್ಬರು ಸಂಗತಿಯನ್ನು ಕೇಳಿ ತಿಳಿದುಕೊಂಡರು. ಆಕೆಯ ಹಣೆಯಲ್ಲಿ ಕುಂಕುಮವಿರಲಿಲ್ಲ. ತಮ್ಮ ಚೀಲದಿಂದ ಬಾಳೆಹಣ್ಣು ಜವನ ತೆಗೆದು ನಮ್ಮ ಹುಡುಗಿಯ ಕೈಗಿಟ್ಟು, “ತೇರು ತಡವಾಗಿ ಬಂದರೆ ನಿನ್ನ ತಪ್ಪೇನವ್ವಾ? ಎಸಿ. ಮಗನ ಕೈಲೂ ಎಸೆಸು” ಎಂದು, ಮುಂದಿದ್ದವರನ್ನು ಸರಿಸಿ ಜಾಗ ಬಿಡಿಸಿದರು. ಮಗು ಎಸೆದ ಹಣ್ಣು ತೇರಿನವರೆಗೆ ಹೋಗಲಿಲ್ಲ. ಯಾರದೋ ಪೇಟದ ಮೇಲೆ ಬಿತ್ತು. ಪೇಟದ ಯಜಮಾನರು ತಿರುಗಿ ನೋಡಿ, ಅದನ್ನು ತಾವೇ ತೇರಿನತ್ತ ಎಸೆದು, ಮಗುವನ್ನು ನೋಡಿ ನಕ್ಕರು. ತಂಗಿಯ ಮಗಳು ಇದನ್ನು ಹೇಳುವಾಗ ಪ್ರತಿ ಸಲವೂ ಆಕೆಯ ಕಣ್ಣು ಒದ್ದೆಯಾಗುತ್ತದೆ. ತನ್ನ ಸಂತೋಷವನ್ನು ಊರು ಸ್ವೀಕರಿಸಿತು ಎಂಬ ಸಮಾಧಾನ ಅದು.

ಒಂದು ಕಾಲದಲ್ಲಿ ಶುಭವಾರ್ತೆ ನಾಲ್ಕು ಮೂಲೆಗೆ ಅರಿಸಿನ ಹಚ್ಚಿಕೊಂಡು ಅಂಚೆಯಲ್ಲಿ ಬರುತ್ತಿತ್ತು. ತಂತಿಯ ಶುಭಾಶಯಗಳಿಗೆ ಒಂದೊಂದು ಸಂಖ್ಯೆಯಿತ್ತು. ಸಂಖ್ಯೆ ಬರೆದುಕೊಟ್ಟರೆ ಆಯಿತು, ಸಿದ್ಧವಾಕ್ಯ ಆ ಕಡೆ ತಲುಪುತ್ತಿತ್ತು. 2013ರ ಜುಲೈನಲ್ಲಿ ತಂತಿಯೂ ನಿಂತಿತು. ಈಗ ಅಂಗೈಯ ಫೋನಿನಿಂದ ಕ್ಷಣಮಾತ್ರದಲ್ಲಿ ನೂರು ಮನೆಗೆ ಸುದ್ದಿ ಮುಟ್ಟುತ್ತದೆ. ನೂರು ಮನೆಯಿಂದ ಅಭಿನಂದನೆಯೂ ಮರಳಿ ಬರುತ್ತದೆ. ಇದನ್ನು ನಾನು ಹಳಿಯುವುದಿಲ್ಲ. ದೂರದ ಊರಿನಲ್ಲಿರುವ ಮೊಮ್ಮಗಳ ಮೊದಲ ಹೆಜ್ಜೆಯನ್ನು ಗುಂಡ್ಲುಪೇಟೆಯ ಅಜ್ಜಿ ಆ ದಿನವೇ ನೋಡುವುದು ಕಡಿಮೆ ಭಾಗ್ಯವೆ? ಆದರೆ ಆ ನೂರು ಮನೆಗಳಲ್ಲಿ ಎದುರು ಮನೆಯೂ ಒಂದು. ಮಗುವಿಲ್ಲದವರಿಗೆ ನಾಮಕರಣದ ಸುದ್ದಿ, ಕೆಲಸ ಹೋದವರಿಗೆ ಬಡ್ತಿಯ ಸುದ್ದಿ ನೂರರಲ್ಲಿ ಒಂದಾಗಿ ಬಂದು ಬಿದ್ದರೆ ಚುಚ್ಚೀತು. ಅವರಿಗೆ ಹೇಳದೆ ಬಿಟ್ಟರೆ ಇನ್ನೂ ಆಳವಾಗಿ ಚುಚ್ಚೀತು. ಅಂಥವರಿಗೆ ಸುದ್ದಿ ನಮ್ಮ ಬಾಯಿಂದಲೇ, ನಮ್ಮ ದನಿಯಲ್ಲಿಯೇ, ಎಲ್ಲರಿಗಿಂತ ಮೊದಲು ತಲುಪಬೇಕು.

ವಾಚಕರ ಮನೆಯಲ್ಲಿ ಈ ತಿಂಗಳು ಏನಾದರೂ ಶುಭ ನಡೆದಿದ್ದರೆ ನನ್ನ ಅಭಿನಂದನೆಗಳು. ಯಾವ ಮನೆಯ ಮುಂದೆ ಹಾದುಹೋಗುವಾಗ ತಟ್ಟೆಯನ್ನು ಮಗ್ಗುಲು ಬದಲಾಯಿಸಿ ಹಿಡಿಯಬೇಕೆನಿಸುವುದೋ, ಮೊದಲು ಆ ಮನೆಯ ಬಾಗಿಲನ್ನೇ ತಟ್ಟಿ. ಭೂಗೋಳದ ಪುಸ್ತಕ ಕೇಳಿದ ನನ್ನ ಗೆಳೆಯ ಸೆಪ್ಟೆಂಬರಿನಲ್ಲಿ ಪಾಸಾದ. ಅವರ ತಾಯಿ ಹಂಚಿದ ಸಕ್ಕರೆ ಮೊದಲು ಬಂದದ್ದು ನಮ್ಮ ಮನೆಗೆ.