ಎರಡನೇ ಕಂಪ್ಯೂಟರ್ ಯಾವುದಕ್ಕೆ?

ಕನ್ನಡ ವಿಕಿಪೀಡಿಯ (ಶುರುವಾದದ್ದು 2003) ನಡೆಯುವುದು ವಿಕಿಮೀಡಿಯಾ ಫೌಂಡೇಶನ್ನಿನ ಸ್ವಂತ ಸರ್ವರ್‌ಗಳಲ್ಲಿ. ಅಲ್ಲಿ ಲೇಖನಗಳ ಡೇಟಾಬೇಸಿಗೆ ಒಂದಷ್ಟು ಸರ್ವರ್, ಹುಡುಕಾಟಕ್ಕೆ ಬೇರೆಯೇ ಸರ್ವರ್. ಕಾರಣ ಇದೆ. ಹುಡುಕಾಟ ಮೆಮೊರಿಯನ್ನು ಬಹಳ ತಿನ್ನುತ್ತದೆ. ಒಂದೇ ಯಂತ್ರದಲ್ಲಿಟ್ಟರೆ ಹುಡುಕುವವರ ನೂಕುನುಗ್ಗಲಿಗೆ ಬರೆಯುವವರೂ ಕಾಯಬೇಕು. ಕನ್ನಡಕ್ಕಂತೂ ‘ಶಾಲೆ’, ‘ಶಾಲೆಯಲ್ಲಿ’, ‘ಶಾಲೆಗಳಿಗೆ’ ಎಲ್ಲ ಒಂದೇ ಮಾತು ಅಂತ ಹುಡುಕಾಟಕ್ಕೆ ಕಲಿಸಬೇಕು. ಬೇರೆ ಸರ್ವರ್ ಇದ್ದರೆ ಇಂಥ ಪ್ರಯೋಗದಲ್ಲಿ ಮೂಲಕ್ಕೆ ಧಕ್ಕೆ ಇಲ್ಲ.

ಹಾಗಂತ ತಾಂಡೂರು, ಪೆದ್ದೆಮುಲ್ ಕಡೆಯ ನಾವು ಹಳೇ ಪ್ರಶ್ನೆಪತ್ರಿಕೆ, ನೋಟ್ಸ್ ಒಟ್ಟುಮಾಡಿ ಇಡುವುದಾದರೆ ಎರಡು ಸರ್ವರ್ ಬೇಕೇ? ಬೇಡ ಅಂತೀನಿ. ಕೆಲವು ಸಾವಿರ ಪುಟಗಳಿಗೆ ಒಂದು ಹಳೇ ಕಂಪ್ಯೂಟರ್ ಸಾಕು. ವಿಕಿಪೀಡಿಯ ಬಳಸುವ ಮೀಡಿಯಾವಿಕಿ ತಂತ್ರಾಂಶವೇ ಪುಕ್ಕಟೆ ಸಿಗುತ್ತದೆ, ಡೇಟಾಬೇಸಿನೊಳಗೇ ಹುಡುಕುವ ಅನುಕೂಲವೂ ಅದರಲ್ಲಿದೆ. (‘ಶಾಲೆಯಲ್ಲಿ’ ಸಿಗದಿದ್ದರೆ ‘ಶಾಲೆ’ ಅಂತ ಇನ್ನೊಮ್ಮೆ ಟೈಪಿಸಿದರಾಯ್ತು ಬಿಡಿ!)

ದಾನಿಗಳು ಎರಡನೇ ಕಂಪ್ಯೂಟರ್ ಕೊಟ್ಟರೆ ಅದು ಹುಡುಕಾಟಕ್ಕಲ್ಲ, ಡೇಟಾಬೇಸಿನ ಪ್ರತಿಗೆ. ಅದೂ ಇನ್ನೊಂದು ಊರಿನ ಶಾಲೆಯಲ್ಲಿರಲಿ. ಹುಡುಕಾಟದ ಸೂಚಿ ಕೆಟ್ಟರೆ ಡೇಟಾಬೇಸಿನಿಂದ ಮತ್ತೆ ಕಟ್ಟಿಕೊಳ್ಳಬಹುದು. ಡೇಟಾಬೇಸೇ ಹೋದರೆ? ತೆಲಂಗಾಣದ ಕನ್ನಡ ಮಾಧ್ಯಮದ ಪ್ರಶ್ನೆಪತ್ರಿಕೆ ಬೆಂಗಳೂರಿನ ಅಂಗಡಿಯಲ್ಲಿ ಹುಡುಕಲು ಹೋಗುವುದೇ?