ಬಿಲ್ಲಿನಲ್ಲಿ ಇಲ್ಲದ ವೆಚ್ಚ

ಕ್ಯಾನ್ಸರ್ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಆಸ್ಪತ್ರೆಯ ಬಿಲ್ಲು. ಅದನ್ನು ತೀರಿಸಲು ಊರು ಒಂದಾಗುತ್ತದೆ. ಜುಮಾ ನಮಾಝಿನ ಬಳಿಕ ಮಸೀದಿಯ ಬಾಗಿಲಲ್ಲಿ ಹಣ ಸಂಗ್ರಹವಾಗುತ್ತದೆ, ಮೊಬೈಲುಗಳಲ್ಲಿ ಮನವಿ ಹರಿದಾಡುತ್ತದೆ. ಇದು ಅಭಿನಂದನಾರ್ಹ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯೂ ಲಭ್ಯವಿದೆ. ಇಷ್ಟಿದ್ದೂ ಕ್ಯಾನ್ಸರ್ ಹೊಕ್ಕ ಮನೆ ಸಾಲದಲ್ಲಿ ಮುಳುಗುವುದೇಕೆ?

ಬಾಯಿ ಮತ್ತು ಗಂಟಲಿನ ಕ್ಯಾನ್ಸರನ್ನೇ ನೋಡಿ. ತಂಬಾಕಿನ ದೆಸೆಯಿಂದ ನಮ್ಮ ಗಂಡಸರಲ್ಲಿ ಇದು ಹೆಚ್ಚು. ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಆರೇಳು ವಾರ ನಡೆಯುತ್ತದೆ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಆದರೆ ಕೊಪ್ಪಳದಿಂದ ಬೆಂಗಳೂರಿನ ಕಿದ್ವಾಯಿಗೆ ಬಂದ ರೋಗಿ ದಿನವೂ ಊರಿಗೆ ಮರಳಲಾರ. ಧರ್ಮಶಾಲೆಯಲ್ಲಿ ಜಾಗ ಸಿಗದಿದ್ದರೆ ಬಾಡಿಗೆ ಕೋಣೆ, ಇಬ್ಬರ ಊಟ, ನುಂಗಲಾಗದ ಗಂಟಲಿಗೆ ಬೇರೆಯೇ ಆಹಾರ. ಚಿಕಿತ್ಸೆ ಮುಗಿದ ಮೇಲೂ ಬಾಯಿ ಒಣಗುತ್ತದೆ, ದವಡೆ ಬಿಗಿಯುತ್ತದೆ, ಮಾತು ತೊದಲುತ್ತದೆ. ಕೂಗಿ ತರಕಾರಿ ಮಾರುತ್ತಿದ್ದವನಿಗೆ ಧ್ವನಿಯೇ ಬಂಡವಾಳವಾಗಿತ್ತಲ್ಲವೇ?

ಇಎಸ್‌ಐ ಸೌಲಭ್ಯವಿರುವ ಕಾರ್ಮಿಕನಿಗೆ ಇಂತಹ ಕಾಯಿಲೆಯಲ್ಲಿ ಎರಡು ವರ್ಷಗಳವರೆಗೆ ಕೂಲಿಯ ಶೇ. 80ರಷ್ಟು ಸಿಗಬಹುದು. ಆಟೋ ಚಾಲಕನಿಗೆ, ದರ್ಜಿಗೆ, ಬೀದಿ ವ್ಯಾಪಾರಿಗೆ ಆ ಭಾಗ್ಯವಿಲ್ಲ. ಅವನ ದುಡಿಮೆ ನಿಂತಾಗ ಆರೈಕೆಗೆ ಕೂತ ಪತ್ನಿಯ ಬೀಡಿಯ ಕೂಲಿಯೂ ನಿಲ್ಲುತ್ತದೆ. ತಮ್ಮ ತಂಗಿಯರಿಗೆ ಅಡುಗೆ ಮಾಡಲು ಹಿರಿಮಗಳು ಕಾಲೇಜು ಬಿಡುತ್ತಾಳೆ. ಇವು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಆದ್ದರಿಂದ ಯಾವ ಮನವಿಯಲ್ಲೂ ಇರುವುದಿಲ್ಲ. ಇವುಗಳ ಭಾರ ತಾಳದೆ ಎಷ್ಟೋ ಮಂದಿ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾರೆ. ವಿಕಿರಣ ಮಧ್ಯದಲ್ಲಿ ನಿಂತರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯಲು ಕಾಲಾವಕಾಶ ಸಿಗುತ್ತದೆ. ಲಕ್ಷಾಂತರ ರೂಪಾಯಿಯ ಚಿಕಿತ್ಸೆ ಕೆಲವು ಸಾವಿರದ ಖರ್ಚಿನ ಮುಂದೆ ಸೋಲುತ್ತದೆ.

ಕ್ಷಯರೋಗಿಯ ಹಸಿವನ್ನು ಸರಕಾರ ಗುರುತಿಸಿದೆ. 2018ರಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ನೀಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಅಂದರೆ ರೋಗಿಗೆ ಔಷಧಿಯೊಂದೇ ಸಾಲದೆಂಬುದು ಸರಕಾರಕ್ಕೆ ಗೊತ್ತಿದೆ. ಹಾಗಾದರೆ ಚಿಕಿತ್ಸೆಯಲ್ಲಿರುವ ಬಡ ಕ್ಯಾನ್ಸರ್ ರೋಗಿಗೂ ಮಾಸಿಕ ನೆರವು ದೊರೆಯಬೇಡವೇ? ಈ ಬೇಡಿಕೆ ವಿಧಾನಸೌಧವನ್ನು ತಲುಪಬೇಕು.

ಆದರೆ ಅದಕ್ಕಾಗಿ ನಾವು ಕಾದು ಕೂರಬೇಕಿಲ್ಲ. ಝಕಾತ್‌ನ ಹಕ್ಕುದಾರರಲ್ಲಿ ಬಡವರೊಂದಿಗೆ ಸಾಲಗ್ರಸ್ತರೂ ಇದ್ದಾರೆ. ಜಮಾಅತ್‌ಗಳು ಒಮ್ಮೆ ದೊಡ್ಡ ಮೊತ್ತ ಕೊಟ್ಟು ಕೈತೊಳೆದುಕೊಳ್ಳುವ ಬದಲು, ಚಿಕಿತ್ಸೆ ಮುಗಿಯುವವರೆಗೆ ತಿಂಗಳ ಪಡಿತರ, ಮಕ್ಕಳ ಶುಲ್ಕ, ಮನೆ ಬಾಡಿಗೆಯ ಹೊಣೆ ಹೊರಲಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಉಚಿತ, ಜೊತೆಗಾರನಿಗೆ ಶೇ. 75 ರಿಯಾಯಿತಿ. ಆ ಅರ್ಜಿಯನ್ನು ತುಂಬಿಸಿಕೊಡಲು ವಿದ್ಯಾವಂತ ಯುವಕನೊಬ್ಬ ಸಾಕು. ಆಸ್ಪತ್ರೆಯಲ್ಲಿ ಒಂದು ರಾತ್ರಿ ರೋಗಿಯ ಬಳಿ ಕುಳಿತು, ಅವನ ಪತ್ನಿಗೆ ನಿದ್ದೆ ಮಾಡಲು ಬಿಡುವುದೂ ದಾನವೇ. ನೆರೆಮನೆಯವನ ಧರ್ಮ ಯಾವುದೆಂಬುದು ಇಲ್ಲಿ ಪ್ರಶ್ನೆಯಾಗಬಾರದು.

ಇನ್ನು ಮುಂದೆ ಕ್ಯಾನ್ಸರ್ ರೋಗಿಯ ಮನೆಗೆ ಹೋದಾಗ "ಬಿಲ್ಲು ಎಷ್ಟಾಯಿತು?" ಎಂದಷ್ಟೇ ಕೇಳಿ ಎದ್ದು ಬರದಿರೋಣ. "ಮನೆ ಹೇಗೆ ನಡೆಯುತ್ತಿದೆ? ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ?" ಎಂದೂ ಕೇಳೋಣ.